ಸಯಾಂ ದೇಶದಲ್ಲಿ ಪರದೇಶೀಯರ ಧನವೂ ರಾಜಕರವೂ

ಪೂರ್ವದ್ವೀಪಾಂತರಗಳಲ್ಲಿ ಸಂಸ್ಕೃತ ಶಬ್ದಗಳು ಪಡೆದಿರುವ ಪ್ರಚಾರವನ್ನು ಕುರಿತು ಬರೆಯುವ ವಿದ್ವಾಂಸರು ದೇವಾಲಯ, ಶಿಲ್ಪ, ರಾಮಕಥೆ ಇವುಗಳನ್ನೇ ಹೆಚ್ಚಾಗಿ ಉದಾಹರಿಸುವರು. ಸುಂಕದ ಕಟ್ಟೆಯ ಕಡೆಗೆ ದೃಷ್ಟಿ ಹಾಯಿಸಿದವರು ವಿರಳ. ಆದರೆ ಸಯಾಂ, ಎಂದರೆ ಇಂದಿನ ಥಾಯ್ ದೇಶದ ಸರ್ಕಾರವು ತನ್ನ ತೆರಿಗೆಯ ಇಲಾಖೆಗಳಿಗೆ ಇಟ್ಟುಕೊಂಡಿರುವ ಹೆಸರುಗಳನ್ನು ಕೇಳಿದರೆ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ತನ್ನ ಊರಿನವರನ್ನೇ ಪರದೇಶದಲ್ಲಿ ಕಂಡಂತಾಗುವುದು. ಆಮದು ರಫ್ತುಗಳ ಸುಂಕದ ಇಲಾಖೆಗೆ ಅಲ್ಲಿ 'ಶುಲ್ಕಾಕರ' ಎಂದು ಹೆಸರು. ೧೯೧೫ರಲ್ಲಿ ಸ್ಥಾಪಿತವಾದ ಒಳನಾಡಿನ ತೆರಿಗೆಗಳ ಇಲಾಖೆಗೆ 'ಸರ್ವಾಕರ'. ತೆರಿಗೆಯ ಕಾಯಿದೆಗಳನ್ನು ಒಟ್ಟುಗೂಡಿಸಿದ ಸಂಹಿತೆಗೆ 'ರಾಷ್ಟ್ರಾಕರ' ಸಂಗ್ರಹ. ಅಲ್ಲಿಯವರು ಪದಾಂತದ ರೇಫೆಯನ್ನು ನಕಾರವಾಗಿ ಉಚ್ಚರಿಸುವುದರಿಂದ ಇವು ಸುನ್ಲಕಾಕೋನ್, ಸನ್ಫಾಕೋನ್, ರತ್ಸದಾಕೋನ್ ಎಂದು ಕಿವಿಗೆ ಬೀಳುತ್ತವೆ. ಇಲ್ಲಿ 'ಕರ' ಎಂಬ ಪದವಿದೆಯೆಂದು ಮೊದಲು ತೋರಿದರೂ ಅದು ಸರಿಯಲ್ಲ. ಇರುವುದು 'ಆಕರ', ಎಂದರೆ ಗಣಿ, ಹುಟ್ಟುವ ಸ್ಥಳ. ಗಣಿಯನ್ನು ಕೋಶದ ಮೂಲವೆಂದು ಅರ್ಥಶಾಸ್ತ್ರಕಾರನು ಗಣಿಸಿದ್ದನ್ನು ಬಲ್ಲವರಿಗೆ ಈ ಅರ್ಥಾಂತರವು ಅಸಂಗತವೆಂದು ತೋರದು. ನಮ್ಮ ಕನ್ನಡದಲ್ಲಿ ಅದೇ ಶುಲ್ಕವು 'ಸುಂಕ'ವೆಂದು ತದ್ಭವವಾಗಿ ಶಾಸನಗಳಲ್ಲೆಲ್ಲ ನೆಲಸಿದೆ.

ಪ್ರಕೃತ ಲೇಖನದ ವಿಷಯವು ಈ ಹೆಸರುಗಳಲ್ಲ. ಹೊರದೇಶದಿಂದ ಬಂದು ಸಯಾಮಿನಲ್ಲಿ ನೆಲಸಿದವನು ತನ್ನ ಧನವನ್ನು ಅಲ್ಲಿಗೆ ತಂದುಕೊಂಡರೆ ಅದರ ಮೇಲೆ ತೆರಿಗೆಯುಂಟೆ, ಉಂಟಾದರೆ ಎಂದಿನಿಂದ, ಯಾವ ವಾಕ್ಯದ ಬಲದಿಂದ, ಎಂಬುದೇ ವಿಚಾರ. ಇದು ವಕೀಲರಿಗೂ ಲೆಕ್ಕಿಗರಿಗೂ ಸೇರಿದ ಮಾತು, ಸಾಹಿತ್ಯಪರಿಶೋಧಕರ ಪತ್ರಿಕೆಯಲ್ಲಿ ಇದಕ್ಕೆ ಎಡೆಯೇನು, ಎಂದು ಕೆಲವರು ಕೇಳಬಹುದು. ಅನೇಕ ವರ್ಷಗಳ ಕಾಲ ಸಾವಿರಾರು ಜನರ ತೆರಿಗೆಯು ಒಂದು ವಿಶೇಷಣ ಪದದ ಅನ್ವಯವನ್ನೇ ಅವಲಂಬಿಸಿತ್ತೆಂದೂ, ಮೂಲವಾಕ್ಯದಲ್ಲಿ ಒಂದಕ್ಷರವೂ ಬದಲಾಗದೆ ೨೦೨೩ರಲ್ಲಿ ಅದರ ಅರ್ಥವು ಬದಲಾಯಿತೆಂದೂ ತಿಳಿದಮೇಲೆ ಆ ಪ್ರಶ್ನೆಗೆ ಎಡೆಯಿರದು.

ಸಯಾಮಿಗೆ ಪರದೇಶೀಯರ ವಾಸವು ಹೊಸದಲ್ಲ. ಪಶ್ಚಿಮ ತೀರದ ತಕುವಾಪಾ ಎಂಬಲ್ಲಿ ದೊರೆತ, ಸುಮಾರು ಒಂಬತ್ತನೆಯ ಶತಮಾನದ ತಮಿಳು ಶಾಸನವೊಂದು ಅಲ್ಲಿಯ ಕೆರೆಯೊಂದನ್ನು ಮಣಿಗ್ರಾಮವೆಂಬ ವಣಿಕ್ಸಂಘದ ರಕ್ಷಣೆಗೆ ಒಪ್ಪಿಸಿದುದನ್ನು ಹೇಳುತ್ತದೆ. ಕೆರೆ ಕಟ್ಟಿದವರು ದಾರಿಹೋಕರಾಗಿರಲಾರರು. ಅವರು ನೆಲಸಿದ್ದವರೇ ಸರಿ. ಸುಖೋದಯದ ರಾಮಖಂಹೇಂಗ್ ಅರಸನದೆಂದು ಹೇಳುವ ೧೨೯೨ರ ಶಿಲಾಶಾಸನದಲ್ಲಿ ಪ್ರಜೆಗಳ ವ್ಯಾಪಾರದ ಮೇಲೆ ದಾರಿಯ ಸುಂಕವನ್ನು ಅರಸನು ಎತ್ತುವುದಿಲ್ಲವೆಂಬ ಅಭಿಪ್ರಾಯವು ಬರುತ್ತದೆ. ಆ ಸುಂಕಕ್ಕೆ ಥಾಯ್ ಭಾಷೆಯಲ್ಲಿ ಚಂಗ್‌ಕೋಪ್ ಎಂದು ಹೆಸರು. ಈ ಶಾಸನದ ಪ್ರಾಮಾಣ್ಯವನ್ನು ಕೆಲವು ವಿದ್ವಾಂಸರು ಶಂಕಿಸಿರುವುದರಿಂದ ಅದರ ಮೇಲೆ ಹೆಚ್ಚು ಭಾರವನ್ನು ಹೊರಿಸುವುದು ಯುಕ್ತವಲ್ಲ. ಮುಂದೆ ಅಯೋಧ್ಯಾ ಎಂಬ ಹೆಸರನ್ನೇ ಹೊತ್ತ ಅಯುಧ್ಯಾ ರಾಜಧಾನಿಯಲ್ಲಿ ಪೋರ್ಚುಗೀಸರು, ಜಪಾನೀಯರು, ಡಚ್ಚರು, ಪಾರಸೀಕರು, ಚೀನರು ಇವರ ಕೇರಿಗಳು ಬೇರೆ ಬೇರೆಯಾಗಿದ್ದುವು. ಇವರನ್ನು ನೋಡಿಕೊಳ್ಳಲು ಬಂದರದಲ್ಲಿ ಎಡದ ಇಲಾಖೆ, ಬಲದ ಇಲಾಖೆ ಎಂದು ಎರಡು ವಿಭಾಗಗಳಿದ್ದುವು. ಎಡದ್ದು ಚೀನ ವ್ಯಾಪಾರಕ್ಕೆ, ಬಲದ್ದು ಹಿಂದೂಸ್ಥಾನ ಮತ್ತು ಪಶ್ಚಿಮದಿಂದ ಬಂದ ವರ್ತಕರಿಗೆ.

ಆ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಪರದೇಶೀಯನ ಮೇಲಣ ತೆರಿಗೆಯು ಮೂರು ವಸ್ತುಗಳನ್ನು ಹಿಡಿದು ನಡೆಯಿತು: ಅವನ ಹಡಗು, ಅವನ ಸರಕು, ಅವನ ದೇಹ. ೧೮೨೬ರಲ್ಲಿ ಹೆನ್ರಿ ಬರ್ನಿಯು ಇಂಗ್ಲಿಷರ ಪರವಾಗಿ ಮಾಡಿಕೊಂಡ ಒಡಂಬಡಿಕೆಯಲ್ಲಿ ಹಡಗಿನ ಅಗಲವನ್ನು ಸಯಾಮೀ ಮಾರಿನಿಂದ ಅಳೆದು, ಸರಕು ತುಂಬಿ ಬಂದ ಹಡಗಿಗೆ ಮಾರೊಂದಕ್ಕೆ ೧,೭೦೦ ಬಾತ್, ಬರಿದಾಗಿ ಬಂದ ಹಡಗಿಗೆ ೧,೫೦೦ ಬಾತ್ ಎಂದು ಗೊತ್ತುಮಾಡಿದರು. ಹಡಗಿನಲ್ಲಿದ್ದವನ ಥೈಲಿಯಲ್ಲಿ ಎಷ್ಟು ಹಣವಿದೆಯೆಂದು ಯಾರೂ ಕೇಳಲಿಲ್ಲ.

ದೇಹದ ಮೇಲಣ ತೆರಿಗೆಗೆ ಗುರಿಯಾದವರು ಚೀನರು. ಸಯಾಮಿನ ಪ್ರಜೆಯು ಅರಸನಿಗೆ ಬಿಟ್ಟಿಯ ದುಡಿಮೆಯನ್ನು ಸಲ್ಲಿಸಬೇಕಾಗಿತ್ತು. ಚೀನನಿಗೆ ಆ ಬಿಟ್ಟಿಯಿರಲಿಲ್ಲ. ಅದಕ್ಕೆ ಬದಲಾಗಿ ಮೂರು ವರ್ಷಗಳಿಗೊಮ್ಮೆ ನಾಲ್ಕು ಬಾತಿಗೆ ಸ್ವಲ್ಪ ಮೇಲ್ಪಟ್ಟ ತಲೆಗಂದಾಯವನ್ನು ಅವನು ಕೊಡುತ್ತಿದ್ದನು. ಕೊಟ್ಟವನ ಮಣಿಕಟ್ಟಿಗೆ ದಾರವನ್ನು ಕಟ್ಟಿ ಅದರ ಗಂಟಿನ ಮೇಲೆ ಮುದ್ರೆಯೊತ್ತುತ್ತಿದ್ದರು. ಇದಕ್ಕೆ 'ಫೂಕ್ ಪೀ' ಎಂದು ಹೆಸರು. 'ಫೂಕ್' ಎಂದರೆ ಕಟ್ಟುವುದು, 'ಪೀ' ಎಂದರೆ ಆ ಗುರುತು. ರಸೀದಿಯನ್ನು ಕಾಗದದ ಮೇಲೆ ಬರೆಯದೆ ಮನುಷ್ಯನ ಮೈಮೇಲೆಯೇ ಇಟ್ಟ ಈ ಪದ್ಧತಿಯು ವಿಚಿತ್ರವಾಗಿ ಕಂಡರೂ, ಪರದೇಶೀಯನಿಗೆ ಅದು ಒಂದು ಲಾಭವನ್ನೂ ಕೊಟ್ಟಿತು: ಬಿಟ್ಟಿಯಿಲ್ಲದುದರಿಂದ ಅವನು ದೇಶದಲ್ಲೆಲ್ಲ ತಿರುಗಿ ವ್ಯಾಪಾರ ಮಾಡಬಲ್ಲವನಾದನು. ಈ ಪದ್ಧತಿಯನ್ನು ತೆಗೆದು ಚೀನರನ್ನೂ ಇತರರಂತೆ ವಾರ್ಷಿಕ ತಲೆಗಂದಾಯಕ್ಕೆ ಸೇರಿಸಿದಾಗ, ೧೯೧೦ರ ಜೂನ್ ತಿಂಗಳ ಆದಿಯಲ್ಲಿ ಬ್ಯಾಂಕಾಕಿನ ಚೀನರು ಅಂಗಡಿಗಳನ್ನು ಮುಚ್ಚಿ ಮೂರು ದಿನ ನಗರವನ್ನು ಸ್ತಬ್ಧಗೊಳಿಸಿದರು.

ಇನ್ನು ಧನದ ಮಾತು. ೧೮೫೫ರ ಏಪ್ರಿಲ್ ೧೮ರಂದು ಸರ್ ಜಾನ್ ಬೌರಿಂಗ್ ಮತ್ತು ಮಹಾಮಕುಟ ಅರಸನ ಸರ್ಕಾರದ ನಡುವೆ ಆದ ಒಡಂಬಡಿಕೆಯು ಸಯಾಮಿನ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಹಡಗಿನ ಅಗಲದ ಸುಂಕವು ಇದರಿಂದ ರದ್ದಾಗಿ, ಆಮದಾದ ಸರಕಿನ ಬೆಲೆಯ ಮೇಲೆ ನೂರಕ್ಕೆ ೩ರಂತೆ ಸುಂಕವು ನಿಂತಿತು. ಇಂಗ್ಲಿಷ್ ಪ್ರಜೆಗಳು ಸಯಾಮಿನ ನ್ಯಾಯಸ್ಥಾನಕ್ಕೆ ಒಳಪಡದೆ ತಮ್ಮ ಕಾನ್ಸಲಿಗೇ ಒಳಪಟ್ಟರು. ಬ್ರಿಟಿಷ್ ಇಂಡಿಯಾದಿಂದ ಹೋಗಿ ನೆಲಸಿದ್ದ ತಮಿಳರು, ಗುಜರಾತಿಗಳು, ಸಿಂಧಿಗಳು ಸಹ ಈ ರಕ್ಷಣೆಗೆ ಬಾಧ್ಯರಾದರು. ಒಡಂಬಡಿಕೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ಎತ್ತಿ ಹೇಳದ ಒಂದು ಅಂಶವು ನಮಗೆ ಮುಖ್ಯ: ಚಿನ್ನಬೆಳ್ಳಿಯ ಗಟ್ಟಿಗಳನ್ನೂ ಸ್ವಂತದ ಸಾಮಾನುಗಳನ್ನೂ ಸುಂಕವಿಲ್ಲದೆ ತರಬಹುದು, ಒಯ್ಯಬಹುದು ಎಂದು ಅದರಲ್ಲಿ ಕಂಡಿದೆ. ಸರಕು ಸುಂಕಕ್ಕೆ ಸಿಕ್ಕಿತು, ಧನವು ಸಿಕ್ಕಲಿಲ್ಲ. ಈ ನೂರಕ್ಕೆ ೩ರ ಕಟ್ಟನ್ನು ಬಿಡಿಸಿಕೊಳ್ಳಲು ಸಯಾಮಿಗೆ ಎಪ್ಪತ್ತು ವರ್ಷ ಹಿಡಿಯಿತು. ೧೯೨೦ರಲ್ಲಿ ಅಮೆರಿಕದೊಡನೆಯೂ, ೧೯೨೫ರಲ್ಲಿ ಬ್ರಿಟನ್ನಿನೊಡನೆಯೂ ಹೊಸ ಒಡಂಬಡಿಕೆಗಳಾದಮೇಲೆ ಸುಂಕವನ್ನು ತಾನೇ ಗೊತ್ತುಮಾಡುವ ಸ್ವಾತಂತ್ರ್ಯವು ಕ್ರಮವಾಗಿ ಅದಕ್ಕೆ ಮರಳಿತು.

ಸ್ವಾತಂತ್ರ್ಯವು ಮರಳಿದಮೇಲೆ ವರಮಾನ ತೆರಿಗೆಯು ಬಂದಿತು. ೧೯೩೨ರ ಜೂನ್ ೨೪ರ ರಾಜ್ಯಕ್ರಾಂತಿಯ ವರ್ಷದಲ್ಲಿಯೇ ವರಮಾನದ ಮೇಲಣ ಕಾಯಿದೆಯು ಹುಟ್ಟಿತು. ಬೌದ್ಧಶಕ ೨೪೮೧ರ ರಾಷ್ಟ್ರಾಕರ ಸಂಗ್ರಹವು ೧೯೩೯ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆಗ ಹಣಕಾಸಿನ ಮಂತ್ರಿಯಾಗಿದ್ದವನು ಪ್ರೀದಿ ಪನೋಮ್ಯೋಂಗ್. ಈ ಸಂಹಿತೆಯಿಂದ ಹಳೆಯ ತಲೆಗಂದಾಯವು ಅಳಿಯಿತು. ಆ ತಲೆಗಂದಾಯಕ್ಕೆ 'ರಜ್ಜೂಪಕಾರ', ಎಂದರೆ ರಾಜ್ಯೋಪಕಾರ, ಎಂಬ ಮನೋಹರವಾದ ಹೆಸರಿದ್ದುದನ್ನು ಇಲ್ಲಿ ಹೇಳದೆ ಬಿಡಲಾಗದು. ಬಲಾತ್ಕಾರದಿಂದ ಎತ್ತುವುದನ್ನು ಉಪಕಾರವೆಂದು ಕರೆಯುವ ಚಾತುರ್ಯವು ಎಲ್ಲ ದೇಶಗಳ ರಾಜಸಭೆಗಳಲ್ಲಿಯೂ ಇದ್ದುದೇ. ಪರದೇಶೀಯನಾದುದಕ್ಕಾಗಿಯೇ ಕೊಡಬೇಕಾದ ಹಣವು ಮಾತ್ರ ಸಂಪೂರ್ಣವಾಗಿ ಹೋಗಲಿಲ್ಲ. ಪರದೇಶೀಯರ ನೋಂದಣಿಯ ರುಸುಮು ಬೇರೆಯಾಗಿ ಉಳಿಯಿತು. ೧೯೫೨ರಲ್ಲಿ ಅದನ್ನು ವರ್ಷಕ್ಕೆ ೨೦ ಬಾತಿನಿಂದ ೪೦೦ ಬಾತಿಗೆ ಏರಿಸಿದಾಗ ಬಡ ಚೀನರು ಬಹಳ ಕಷ್ಟಪಟ್ಟರು.

ಸಂಹಿತೆಯ ೪೧ನೆಯ ಪ್ರಕರಣವೇ ನಮ್ಮ ವಿಚಾರದ ತಿರುಳು. ಈಗಿರುವ ರೂಪದಲ್ಲಿ ಅದಕ್ಕೆ ಮುಖ್ಯವಾಗಿ ಮೂರು ವಾಕ್ಯಗಳಿವೆ. ಅವುಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಕಳೆದ ತೆರಿಗೆಯ ವರ್ಷದಲ್ಲಿ ಥಾಯ್ ದೇಶದೊಳಗಿನ ಉದ್ಯೋಗ, ವ್ಯವಹಾರ ಅಥವಾ ಆಸ್ತಿಯಿಂದ ವರಮಾನವುಳ್ಳವನು, ಆ ಹಣವು ಒಳಗೆ ಸಂದರೂ ಹೊರಗೆ ಸಂದರೂ, ತೆರಿಗೆ ಕೊಡತಕ್ಕದ್ದು. ದೇಶದಲ್ಲಿರುವವನು, ಕಳೆದ ತೆರಿಗೆಯ ವರ್ಷದಲ್ಲಿ ಹೊರದೇಶದ ಉದ್ಯೋಗ, ವ್ಯವಹಾರ ಅಥವಾ ಆಸ್ತಿಯಿಂದ ವರಮಾನವುಳ್ಳವನಾದರೆ, ಆ ವರಮಾನವನ್ನು ದೇಶದೊಳಕ್ಕೆ ತಂದಾಗ ತೆರಿಗೆ ಕೊಡತಕ್ಕದ್ದು. ಒಂದು ತೆರಿಗೆಯ ವರ್ಷದಲ್ಲಿ ಒಟ್ಟು ೧೮೦ ದಿನಗಳು ಅಥವಾ ಹೆಚ್ಚು ಕಾಲ ದೇಶದಲ್ಲಿದ್ದವನು 'ದೇಶದಲ್ಲಿರುವವನು' ಎನಿಸುವನು. ತೆರಿಗೆಯ ವರ್ಷವೆಂದರೆ ಜನವರಿಯಿಂದ ಡಿಸೆಂಬರಿನವರೆಗಿನ ವರ್ಷ.

ಇಲ್ಲಿ ಮೊದಲು ಗಮನಿಸಬೇಕಾದುದು, ಪರದೇಶೀಯ ಎಂಬ ಪದವೇ ಇಲ್ಲದಿರುವುದು. ಮಣಿಕಟ್ಟಿಗೆ ದಾರ ಕಟ್ಟಿದ ಕಾಲದಲ್ಲಿ ತೆರಿಗೆಯು ಜಾತಿಯನ್ನು ಹಿಡಿದಿತ್ತು. ಕಾನ್ಸಲರ ಕಾಲದಲ್ಲಿ ರಾಜನಿಷ್ಠೆಯನ್ನು ಹಿಡಿದಿತ್ತು. ಈ ಪ್ರಕರಣದಲ್ಲಿ ವಾಸವನ್ನು ಹಿಡಿದಿದೆ. ಥಾಯ್ ಪ್ರಜೆಯಾಗಲಿ ಇಂಗ್ಲಿಷರವನಾಗಲಿ ೧೮೦ ದಿನ ಇದ್ದರೆ ಸಮಾನ. ಆದರೂ ಹೊರಗಿನ ವರಮಾನದಿಂದಲೇ ಜೀವಿಸುವವರು ಹೆಚ್ಚಾಗಿ ಪರದೇಶೀಯರಾದುದರಿಂದ, ಎರಡನೆಯ ವಾಕ್ಯವು ಅವರ ವಾಕ್ಯವೇ ಆಗಿ ಪರಿಣಮಿಸಿತು.

ಈ ಎರಡನೆಯ ವಾಕ್ಯದಲ್ಲಿ 'ಕಳೆದ ತೆರಿಗೆಯ ವರ್ಷದಲ್ಲಿ' ಎಂಬುದರ ಅನ್ವಯವೇನು? ಬಹುಕಾಲ ಇಲಾಖೆಯವರು ಹಿಡಿದಿದ್ದ ಅರ್ಥವಿದು: ತೆರಿಗೆಯ ಪಟ್ಟಿಯನ್ನು ಸಲ್ಲಿಸುವುದು ಮುಂದಿನ ವರ್ಷದ ಮಾರ್ಚ್ ೩೧ರೊಳಗೆ, ಆಗ ಹಿಂದಿನ ವರ್ಷವೇ 'ಕಳೆದ' ವರ್ಷ, ಆದುದರಿಂದ ಆ ಒಂದೇ ವರ್ಷದಲ್ಲಿ ಸಂಪಾದಿಸಿ, ಅದೇ ವರ್ಷದಲ್ಲಿ ತಂದ ಧನಕ್ಕೆ ಮಾತ್ರ ತೆರಿಗೆ. ಡಿಸೆಂಬರಿನಲ್ಲಿ ಬಂದ ವರಮಾನವನ್ನು ಜನವರಿಯಲ್ಲಿ ತಂದರೆ ತೆರಿಗೆಯಿಲ್ಲ. ಇದರ ಫಲವೇನೆಂದರೆ, ತಾಳ್ಮೆಯುಳ್ಳವನಿಗೆ ತೆರಿಗೆಯೇ ಇರಲಿಲ್ಲ. ಹೊರಗಿನ ಬ್ಯಾಂಕಿನಲ್ಲಿ ಒಂದು ವರ್ಷದ ಹಣವನ್ನು ಮಲಗಿಸಿಟ್ಟು, ಹಳೆಯದನ್ನು ತರಿಸಿ ಹೊಸದನ್ನು ಇಡುತ್ತ ಬಂದರೆ ಕಾಯಿದೆಯು ಅವನನ್ನು ಮುಟ್ಟುತ್ತಿರಲಿಲ್ಲ. ತಿಂಗಳು ತಿಂಗಳಿನ ಪಿಂಚಣಿಯಿಂದಲೇ ಜೀವಿಸಬೇಕಾದ ಬಡವನು ಮಾತ್ರ ವಾಕ್ಯದ ಬಲೆಗೆ ಸಿಕ್ಕುವ ಸ್ಥಿತಿಯಿದ್ದಿತು.

೨೦೨೩ರ ಸೆಪ್ಟೆಂಬರ್ ೧೫ರಂದು ಸರ್ವಾಕರ ಇಲಾಖೆಯು ಪ. ೧೬೧/೨೫೬೬ ಎಂಬ ಆಜ್ಞೆಯನ್ನು ಹೊರಡಿಸಿತು. ಅದರಂತೆ, ೧೮೦ ದಿನ ವಾಸವಾಗಿದ್ದ ವರ್ಷದಲ್ಲಿ ಹೊರಗೆ ಸಂಪಾದಿಸಿದ ವರಮಾನವನ್ನು ಯಾವ ವರ್ಷದಲ್ಲಿ ತಂದರೂ, ತಂದ ವರ್ಷದಲ್ಲಿ ತೆರಿಗೆ ಸಲ್ಲಬೇಕು. ಇದಕ್ಕೆ ವಿರುದ್ಧವಾದ ಹಿಂದಿನ ಅಭಿಪ್ರಾಯಗಳೆಲ್ಲ ರದ್ದು. ೨೦೨೪ರ ಜನವರಿ ೧ರಿಂದ ತಂದ ಧನಕ್ಕೆ ಇದು ಅನ್ವಯ. ಸಂಹಿತೆಯನ್ನು ತಿದ್ದಲಿಲ್ಲ, ಶಾಸನಸಭೆಯು ಸೇರಲಿಲ್ಲ, ಭಾಷ್ಯವೊಂದೇ ಬದಲಾಯಿತು.

ಯಾವ ಭಾಷ್ಯವು ಸರಿ? ನಮ್ಮ ಮೀಮಾಂಸಕರು ವಾಕ್ಯಾರ್ಥನಿರ್ಣಯಕ್ಕೆ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರು ಪ್ರಮಾಣಗಳನ್ನು ಹೇಳಿ, ಹಿಂದಿನದು ಮುಂದಿನದಕ್ಕಿಂತ ಬಲವತ್ತರವೆಂದಿದ್ದಾರೆ. ಹಳೆಯ ಪಕ್ಷಕ್ಕೆ ಆಧಾರವು ಪ್ರಕರಣ. ಮೊದಲನೆಯ ವಾಕ್ಯದಲ್ಲಿಯೂ 'ಕಳೆದ ತೆರಿಗೆಯ ವರ್ಷ' ಎಂಬುದಿದೆ. ಅಲ್ಲಿ ಅದಕ್ಕೆ ಪಟ್ಟಿಗೆ ಸೇರಿದ ಒಂದೇ ವರ್ಷವೆಂಬ ಅರ್ಥವು ನಿಸ್ಸಂದೇಹ. ಒಂದೇ ಪ್ರಕರಣದಲ್ಲಿ ಒಂದೇ ಪದಕ್ಕೆ ಎರಡರ್ಥಗಳನ್ನು ಕಲ್ಪಿಸುವುದು ದೋಷ. ಈ ವಾದವು ದುರ್ಬಲವಲ್ಲ. ಆದರೆ ಆ ಪದವು ವಾಕ್ಯದಲ್ಲಿ ಯಾವ ಕ್ರಿಯೆಯ ಸಮೀಪದಲ್ಲಿದೆ ಎಂದು ನೋಡಿದರೆ, ಅದು 'ವರಮಾನವುಳ್ಳವನಾದರೆ' ಎಂಬುದನ್ನು ವಿಶೇಷಿಸುತ್ತದೆ. 'ತಂದಾಗ' ಎಂಬುದಕ್ಕೆ ಯಾವ ವರ್ಷದ ಕಟ್ಟನ್ನೂ ವಾಕ್ಯವು ಹಾಕಿಲ್ಲ. ಹಳೆಯ ಪಕ್ಷದವರು 'ಅದೇ ವರ್ಷದಲ್ಲಿ' ಎಂದು ಅಧ್ಯಾಹಾರ ಮಾಡಿಕೊಂಡೇ ತಮ್ಮ ಅರ್ಥವನ್ನು ನಿಲ್ಲಿಸಬೇಕು. ಹೊಸ ಪಕ್ಷದವರೂ 'ಕಳೆದ ಯಾವುದಾದರೂ ವರ್ಷ' ಎಂದು ಒಂದು ಪದವನ್ನು ಸೇರಿಸಿಕೊಂಡಿದ್ದಾರಲ್ಲವೆ ಎಂದರೆ, ಇಲ್ಲಿ ಥಾಯ್ ಭಾಷೆಯ ಸ್ವಭಾವವು ಅವರಿಗೆ ನೆರವಾಗುತ್ತದೆ. ಆ ಭಾಷೆಯ ನಾಮಪದಗಳಿಗೆ ವಚನಪ್ರತ್ಯಯವಿಲ್ಲ. 'ಕಳೆದ ವರ್ಷ'ವೂ 'ಕಳೆದ ವರ್ಷಗಳು' ಎಂಬುದೂ ಅಲ್ಲಿ ಒಂದೇ ರೂಪ. ಸಂಸ್ಕೃತದಲ್ಲಿಯಾಗಲಿ ಕನ್ನಡದಲ್ಲಿಯಾಗಲಿ ಈ ವಾಕ್ಯವನ್ನು ಬರೆದಿದ್ದರೆ ಏಕವಚನವೋ ಬಹುವಚನವೋ ಎಂಬುದು ಒಂದು ಪ್ರತ್ಯಯದಲ್ಲಿ ತೀರ್ಮಾನವಾಗುತ್ತಿತ್ತು.

ಕಾಯಿದೆ ಬರೆಯುವವರು ಇಂತಹ ಸಂದಿಗ್ಧವನ್ನು ತಪ್ಪಿಸಬಲ್ಲರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಇಂಡಿಯಾದ ೧೯೨೨ರ ವರಮಾನ ತೆರಿಗೆಯ ಕಾಯಿದೆಗೆ ೧೯೩೯ರಲ್ಲಿ ಆದ ತಿದ್ದುಪಡಿಯು, ಆಶ್ಚರ್ಯಕರವಾಗಿ, ಅದೇ ಏಪ್ರಿಲ್ ೧ರಿಂದಲೇ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದ ನಿವಾಸಿಯು ಹಿಂದಿನ ವರ್ಷಗಳಲ್ಲಿ ಹೊರಗೆ ಸಂಪಾದಿಸಿ ಪ್ರಕೃತ ವರ್ಷದಲ್ಲಿ ಒಳಗೆ ತಂದ ವರಮಾನವನ್ನು ಅದು ಬೇರೆಯಾಗಿಯೇ ಹೆಸರಿಸಿ, ೧೯೩೩ರ ಏಪ್ರಿಲ್ ೧ರ ಈಚಿನ ಸಂಪಾದನೆಗೆ ಮಾತ್ರ ಅದು ಸಲ್ಲುವುದೆಂದು ಗಡಿಯನ್ನೂ ಹಾಕಿತು. ಸಂಪಾದಿಸಿದ ವರ್ಷ ಬೇರೆ, ತಂದ ವರ್ಷ ಬೇರೆ, ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ವಾಸಕ್ಕೆ ಹಾಕಿದ ಒಂದು ಗಡಿಯು ೧೮೨ ದಿನ, ಸಯಾಮಿನದು ೧೮೦. ನಮ್ಮ ಮೈಸೂರು ಸಂಸ್ಥಾನವೂ ಆ ಕಾಯಿದೆಯ ದೃಷ್ಟಿಗೆ ಆಗ 'ಹೊರಗೆ' ಆಗಿದ್ದಿತು.

ಶಬ್ದಬಲವನ್ನು ಮಾತ್ರ ನೋಡಿದರೆ ಹೊಸ ಭಾಷ್ಯವೇ ಋಜುವಾದುದೆಂದು ನಮ್ಮ ಅಭಿಪ್ರಾಯ. ಆದರೆ ಶಬ್ದವೊಂದೇ ವ್ಯವಹಾರಕ್ಕೆ ಸಾಲದು. ರಾಜಪುರುಷರೇ ಒಪ್ಪಿ ನಡಸಿಕೊಂಡು ಬಂದ ಅರ್ಥವನ್ನು ನಂಬಿ, ತಮ್ಮ ದೇಶದ ಮನೆಯನ್ನು ಮಾರಿ, ವೃದ್ಧಾಪ್ಯವನ್ನು ಕಳೆಯಲು ಬಂದವರಿದ್ದರು. ಅವರು ಕೂಡಿಟ್ಟ ಹಿಂದಿನ ವರ್ಷಗಳ ವರಮಾನವೆಲ್ಲ ಒಂದು ಆಜ್ಞೆಯಿಂದ ತೆರಿಗೆಗೆ ಗುರಿಯಾಗುವಂತಾಯಿತು. ಈ ಅನ್ಯಾಯವು ಇಲಾಖೆಗೂ ತೋರಿರಬೇಕು. ಎರಡು ತಿಂಗಳು ಕಳೆದು ನವೆಂಬರ್ ೨೦ರಂದು ಪ. ೧೬೨/೨೫೬೬ ಎಂಬ ಎರಡನೆಯ ಆಜ್ಞೆಯು ಹೊರಟು, ೨೦೨೪ರ ಜನವರಿ ೧ಕ್ಕೆ ಮುಂಚಿನ ಸಂಪಾದನೆಗೆ ಮೊದಲನೆಯ ಆಜ್ಞೆಯು ತಗಲದೆಂದು ವ್ಯವಸ್ಥೆಮಾಡಿತು. ಈ ಎರಡನೆಯ ಆಜ್ಞೆಯನ್ನು ಹಳೆಯ ಆಚಾರಕ್ಕೆ ಕೊಟ್ಟ ಮನ್ನಣೆಯೆಂದು ನಾವು ತಿಳಿಯುತ್ತೇವೆ. ಹೊಸ ಅರ್ಥವು ಮೊದಲಿನಿಂದಲೂ ಇದ್ದುದಾದರೆ ಹಳೆಯ ಧನವನ್ನು ಬಿಡುವುದಕ್ಕೆ ಕಾರಣವಿರಲಿಲ್ಲ.

ಇಷ್ಟುಕಾಲ ಸುಮ್ಮನಿದ್ದವರು ಆಗಲೇ ಏಕೆ ಎದ್ದರು? ಹೊರದೇಶದ ಬ್ಯಾಂಕುಗಳಲ್ಲಿರುವ ಖಾತೆಗಳ ವಿವರವನ್ನು ಸರ್ಕಾರಗಳು ಪರಸ್ಪರ ತಾವಾಗಿಯೇ ಕಳುಹಿಸಿಕೊಳ್ಳುವ ಏರ್ಪಾಟಿಗೆ ಥಾಯ್ ದೇಶವು ಸೇರಿ, ೨೦೨೩ರಲ್ಲಿಯೇ ಅದನ್ನು ನಡಸತೊಡಗಿತು. ಕಾಣದ ಧನಕ್ಕೆ ತೆರಿಗೆ ಹಾಕುವುದು ವ್ಯರ್ಥ. ಕಾಣತೊಡಗಿದಮೇಲೆ ವಾಕ್ಯವನ್ನು ಮತ್ತೊಮ್ಮೆ ಓದಿದರು.

ಹೊರೆಯು ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಐವತ್ತು ವರ್ಷ ದಾಟಿ ವಿಶ್ರಾಂತಿಗಾಗಿ ನೆಲಸುವ ಪರದೇಶೀಯನಿಗೆ ವಾಸದ ಅನುಮತಿಯನ್ನು ಮುಂದುವರಿಸಬೇಕಾದರೆ ವಲಸೆಯ ಇಲಾಖೆಯು ಅಲ್ಲಿಯ ಬ್ಯಾಂಕಿನಲ್ಲಿ ೮,೦೦,೦೦೦ ಬಾತ್ ಠೇವಣಿಯನ್ನೋ ತಿಂಗಳಿಗೆ ೬೫,೦೦೦ ಬಾತ್ ವರಮಾನವನ್ನೋ ತೋರಿಸೆನ್ನುತ್ತದೆ. ಒಂದು ಇಲಾಖೆಯು ಧನವನ್ನು ತಾ ಎನ್ನುವುದು, ಮತ್ತೊಂದು ತಂದೆಯಲ್ಲಾ ಎಂದು ತೆರಿಗೆ ಕೇಳುವುದು! ಎಪ್ಪತ್ತು ವರ್ಷದ ವೃದ್ಧನೊಬ್ಬನು ತಿಂಗಳಿಗೆ ೬೫,೦೦೦ದಂತೆ ೭,೮೦,೦೦೦ ಬಾತ್ ಪಿಂಚಣಿಯನ್ನು ತಂದನೆನ್ನೋಣ. ಅರುವತ್ತೈದು ವರ್ಷ ತುಂಬಿದವರಿಗೆಂದು ೧,೯೦,೦೦೦, ಖರ್ಚಿಗೆಂದು ೧,೦೦,೦೦೦, ಸ್ವಂತಕ್ಕೆಂದು ೬೦,೦೦೦ ಕಳೆದರೆ ೪,೩೦,೦೦೦ ಉಳಿಯುವುದು. ಅದರಲ್ಲಿ ಮೊದಲ ೧,೫೦,೦೦೦ಕ್ಕೆ ತೆರಿಗೆಯಿಲ್ಲ. ಮುಂದಿನ ೧,೫೦,೦೦೦ಕ್ಕೆ ನೂರಕ್ಕೆ ೫. ಉಳಿದುದಕ್ಕೆ ನೂರಕ್ಕೆ ೧೦. ಒಟ್ಟು ೨೦,೫೦೦ ಬಾತ್. ಐವತ್ತು ಲಕ್ಷ ಮೀರಿದ ಭಾಗಕ್ಕೆ ನೂರಕ್ಕೆ ೩೫ರವರೆಗೂ ಇದು ಏರುವುದು. ಆದರೆ ಮಹಾಧನಿಕರಿಗೆ ಬೇರೆ ದಾರಿಯನ್ನು ಮೊದಲೇ ತೆರೆದಿದ್ದರು: ೨೦೨೨ರ ೭೪೩ನೆಯ ರಾಜಾಜ್ಞೆಯು ದೀರ್ಘವಾಸದ ಅನುಮತಿ ಪಡೆದ ಧನಿಕರಿಗೂ ಧನಿಕ ಪಿಂಚಣಿದಾರರಿಗೂ ಹೊರಗಿನಿಂದ ತಂದ ವರಮಾನದ ಮೇಲಣ ತೆರಿಗೆಯನ್ನು ಬಿಟ್ಟುಕೊಟ್ಟಿತು. ಅರುವತ್ತಕ್ಕೂ ಮಿಕ್ಕ ದೇಶಗಳೊಡನೆ ಒಂದೇ ವರಮಾನಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಮಾಡಿಕೊಂಡ ಒಡಂಬಡಿಕೆಗಳೂ ಇವೆ. ಇಂಡಿಯಾದೊಡನೆ ಈಗ ಇರುವುದು ೨೦೧೫ರದು.

ಈ ಭಾಷ್ಯದಿಂದ ಹುಟ್ಟಿದ ಕಷ್ಟಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಬೆರೆತ ಧನದ್ದು. ಕಾಯಿದೆಯು ತೆರಿಗೆ ಹಾಕುವುದು ವರಮಾನಕ್ಕೆ, ಮೂಲಧನಕ್ಕಲ್ಲ; ಮೂಲಧನವನ್ನು ಎಷ್ಟು ತಂದರೂ ೧೮೫೫ರಲ್ಲಿದ್ದಂತೆ ಇಂದಿಗೂ ಅದು ಮುಕ್ತ. ಆದರೆ ಒಂದೇ ಖಾತೆಯಲ್ಲಿ ಹಳೆಯ ಉಳಿತಾಯ, ೨೦೨೩ರ ಬಡ್ಡಿ, ೨೦೨೪ರ ಪಿಂಚಣಿ ಎಲ್ಲವೂ ಬೆರೆತಿದ್ದು, ಅದರಿಂದ ಒಂದು ಲಕ್ಷವನ್ನು ತಂದರೆ ತಂದುದು ಯಾವುದು? ಮೂರು ಕೆರೆಗಳ ನೀರನ್ನು ಒಂದೇ ಹರವಿಯಲ್ಲಿ ಸುರಿದು ಒಂದು ತಂಬಿಗೆ ಮೊಗೆದು, ಇದು ಯಾವ ಕೆರೆಯದೆಂದು ಕೇಳಿದಂತೆ. ಸಾಕ್ಷ್ಯವನ್ನು ಒದಗಿಸುವ ಭಾರವು ತಂದವನ ಮೇಲೆಯೇ ಬೀಳುವುದರಿಂದ, ೨೦೨೩ರ ಡಿಸೆಂಬರ್ ೩೧ರಂದು ಖಾತೆಯಲ್ಲಿದ್ದ ಶಿಲ್ಕನ್ನು ತೋರಿಸುವ ಬ್ಯಾಂಕಿನ ಕಾಗದವು, ಅಲ್ಲಿ ನೆಲಸಿರುವ ಪರದೇಶೀಯನಿಗೆ ಹಿಂದಿನ ಕಾಲದ ಮಣಿಕಟ್ಟಿನ ಮುದ್ರೆಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕ ವಸ್ತುವಾಗಿದೆ.